ಹೊಲ ಪಾಲಾಯಿತು, ಎತ್ತು ಪಾಲಾಗಲಿಲ್ಲ

ಹಳ್ಳಿಯ ಕೂಡು ಕುಟುಂಬವೊಂದು ಬೇರೆಯಾಗುವ ದಿನ ಜಗುಲಿಯ ಮೇಲೆ ಕೂತ ಹಿರಿಯರಿಗೆ ಹೊಲ ಹಂಚುವುದು ಅಂಥ ಕಷ್ಟದ ಕೆಲಸವೇನಲ್ಲ. ಹಗ್ಗ ಹಿಡಿದು ಅಳೆದು, ಮೂಲೆಗೆ ಕಲ್ಲು ನೆಟ್ಟು, ಚೀಟಿ ಬರೆದು ಮನೆಯ ಎಳೆಯ ಮಗುವಿನ ಕೈಯಲ್ಲಿ ಎತ್ತಿಸಿದರೆ ಮುಗಿಯಿತು. ಹಂಡೆ, ಕೊಪ್ಪರಿಗೆ, ಕಾಳಿನ ಚೀಲಗಳಿಗೂ ಲೆಕ್ಕ ಸಿಗುತ್ತದೆ. ಮಾತು ತಡೆಯುವುದು ಕೊಟ್ಟಿಗೆಯ ಮುಂದೆ. ನಾಲ್ವರು ಅಣ್ಣತಮ್ಮಂದಿರು, ಎರಡು ಜೋಡಿ ಎತ್ತು. ತಲೆಗೊಂದರಂತೆ ಹಂಚಿದರೆ ಲೆಕ್ಕ ಸರಿ, ಆದರೆ ಒಂಟಿ ಎತ್ತಿನಿಂದ ನೇಗಿಲು ಹೂಡಲಾಗದು. ಆಮೇಲೆ ಬಾವಿ, ಕಣ, ಹೊಲಕ್ಕೆ ಹೋಗುವ ಗಾಡಿ ದಾರಿ. ಇವೂ ಪಾಲಾಗುವ ವಸ್ತುಗಳಲ್ಲ. ಮಳೆಯಾಶ್ರಿತ ಪ್ರದೇಶದ ಒಕ್ಕಲುತನ ಕಳೆದ ಎರಡು ಮೂರು ತಲೆಮಾರುಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ತಿಳಿಯಬೇಕಾದರೆ ಪಾಲಾದ ಹೊಲಕ್ಕಿಂತ ಪಾಲಾಗದ ಈ ವಸ್ತುಗಳ ಹಿಂದೆ ಹೋಗುವುದು ಒಳ್ಳೆಯದು.

ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ. ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರವೂ, ತೋಟದ ಸೀಮೆಯಾದ ಹೊಳಲ್ಕೆರೆಯೂ ಇಲ್ಲಿಗೆ ದೂರವಲ್ಲ. ಆದರೂ ಈ ಸೀಮೆಯ ಬಹುಪಾಲು ಭೂಮಿ ಹಿಂದಿನಿಂದ ಬೆಳೆದದ್ದು ರಾಗಿ, ಜೋಳ, ನವಣೆ, ಸಾವೆ, ಹುರುಳಿಗಳನ್ನು. ಜಿಲ್ಲೆಯ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಅದೂ ಹೊಳಲ್ಕೆರೆ ಕಡೆಯಿಂದ ಪೂರ್ವಕ್ಕೆ ಹಿರಿಯೂರು, ಚಳ್ಳಕೆರೆಗಳತ್ತ ಸರಿದಂತೆ ಇಳಿಯುತ್ತ ಹೋಗುತ್ತದೆ. ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲೇ ಹೊರೆ ಇಳಿಸಿ ಬರುವುದರಿಂದ ಇಲ್ಲಿ ಜೂನ್, ಜುಲೈಗಳು ತುಂತುರಿನಲ್ಲಿ ಕಳೆಯುವುದೇ ಹೆಚ್ಚು. ನಂಬಬಹುದಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಇಂಥ ಕಡೆ ರೈತನ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು 'ಹದ'. ಮಳೆ ಬಿದ್ದ ಕೂಡಲೇ ಹೊಲಕ್ಕೆ ಇಳಿಯುವಂತಿಲ್ಲ, ಮಣ್ಣು ಮೆತ್ತಿಕೊಳ್ಳುತ್ತದೆ. ಬಿಟ್ಟು ಕೂತರೆ ಕೆಂಪು ಮಣ್ಣು ಒಣಗಿ ಗಟ್ಟಿಯಾಗುತ್ತದೆ. ಇವೆರಡರ ನಡುವೆ ಸಿಗುವ ಎರಡು ಮೂರು ದಿನವೇ ಹದ. ಎರೆ ಮಣ್ಣಾದರೆ ಹದ ಬರುವುದು ತಡ, ಬಂದ ಮೇಲೆ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ. ಉಳುಮೆ, ಬಿತ್ತನೆ, ಎಡೆ ಹೊಡೆಯುವುದು ಎಲ್ಲವೂ ಈ ಕಿರುಗಾಲದಲ್ಲಿ ಆಗಬೇಕು. ಹೊಲ ಎಷ್ಟಿದೆ ಎಂಬುದಕ್ಕಿಂತ, ಹದ ಬಂದ ಬೆಳಿಗ್ಗೆ ಎಷ್ಟು ಎತ್ತು, ಎಷ್ಟು ಕೈ ಹೊಲಕ್ಕಿಳಿಯುತ್ತವೆ ಎಂಬುದೇ ಮುಖ್ಯ. ಆದ್ದರಿಂದಲೇ ಮನೆತನಗಳ ಅಂತಸ್ತನ್ನು ಎಕರೆಯಲ್ಲಿ ಹೇಳದೆ 'ಎರಡು ಆರಿನ ಮನೆ', 'ನಾಲ್ಕು ಆರಿನ ಮನೆ' ಎಂದು ಹೇಳುವ ರೂಢಿ ಇತ್ತು. ಆರು ಎಂದರೆ ನೇಗಿಲಿಗೆ ಹೂಡಿದ ಒಂದು ಜೋಡಿ. ಯುಗಾದಿಯ ಹೊತ್ತಿಗೆ ಊರಿನಲ್ಲಿ ಹೂಡುವ 'ಹೊನ್ನಾರಿ'ನಲ್ಲಿ ಇರುವುದೂ ಇದೇ ಮಾತು. ಒಂದು ಜೋಡಿಗೆ ಸುಮಾರು ಎಂಟು ಹತ್ತು ಎಕರೆ ಬೆದ್ದಲು ಎಂಬುದು ಹಳೆಯ ಅಂದಾಜು.

ಹದಕ್ಕೆ ಕಾಯುವವರಿಗೆ ಪಂಚಾಂಗದ ಮಳೆ ನಕ್ಷತ್ರಗಳು ದಿನಚರಿಯಂತೆ. ಏಪ್ರಿಲ್ ಕೊನೆಯ ಭರಣಿಯಿಂದ ಎಣಿಕೆ ಶುರು. ಭರಣಿ, ಕೃತ್ತಿಕೆಯಲ್ಲಿ ಮಾಗಿ ಉಳುಮೆ, ಗೊಬ್ಬರ. ರೋಹಿಣಿ, ಮೃಗಶಿರದಲ್ಲಿ ಮುಂಗಾರು ಜೋಳ. ಪುನರ್ವಸು, ಪುಷ್ಯದಲ್ಲಿ ರಾಗಿ. ಹುಬ್ಬೆ, ಉತ್ತರೆ ಬಂದರೆ ಹುರುಳಿ, ಎರೆ ಹೊಲವಿದ್ದವರಿಗೆ ಹಿಂಗಾರಿ ಜೋಳ, ಕಡಲೆ. ಒಂದು ಮಳೆ ತಪ್ಪಿದರೆ ಬೀಜ ಬದಲಾಗುತ್ತದೆ. ಜೋಳ ಹೋದರೆ ರಾಗಿ, ರಾಗಿಯೂ ಹೋದರೆ ಹುರುಳಿ. ಕೊನೆಯ ಕೈಯಾಗಿ ಹುರುಳಿ ಬೀಜವನ್ನು ಮನೆಯಲ್ಲಿಟ್ಟುಕೊಳ್ಳದ ರೈತ ಇರಲಿಲ್ಲ.

ಬಿತ್ತನೆಯ ಕೂರಿಗೆಯನ್ನು ನೋಡಿದರೆ ಬೇಸಾಯ ಯಾಕೆ ಕುಟುಂಬದ ಕಸುಬಾಗಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಬೆಳೆಗೆ ತಕ್ಕಂತೆ ಮೂರು, ನಾಲ್ಕು, ಆರು ತಾಳುಗಳ ಈ ಮರದ ಸಾಧನವನ್ನು ಎತ್ತುಗಳು ಎಳೆಯುತ್ತವೆ. ಎತ್ತು ಹೊಡೆಯುವವನೊಬ್ಬ. ಕೂರಿಗೆಯ ಮೇಲಿನ ಬಟ್ಟಲಿಗೆ ಬೆರಳ ಸಂದಿಯಿಂದ ಬೀಜ ಬಿಡಲು ಇನ್ನೊಬ್ಬರು, ಇದು ಸಾಮಾನ್ಯವಾಗಿ ಹೆಂಗಸರ ಕೈ. ಕೈ ಬಿಗಿಯಾದರೆ ಸಾಲು ತೆಳು, ಸಡಿಲವಾದರೆ ದಟ್ಟ; ವರ್ಷದ ಅನ್ನ ಆ ಬೆರಳುಗಳ ಹಿಡಿತದಲ್ಲಿ. ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಎಂಬ ಬಿದಿರ ಕೊಳವೆಯನ್ನು ಹಿಡಿದು ಬರುವುದು ಮೂರನೆಯವರು. ಸಡ್ಡೆಯಲ್ಲಿ ಬೀಳುವುದು ರಾಗಿಯಲ್ಲ, ಅಕ್ಕಡಿಯ ಕಾಳು.

ಈ ಅಕ್ಕಡಿಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ರಾಗಿಯ ಆರೋ ಎಂಟೋ ಹತ್ತೋ ಸಾಲಿಗೆ ಒಂದು ಸಾಲಿನಂತೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು, ನಡುನಡುವೆ ಜೋಳ. ದೂರದಿಂದ ನೋಡಿದವರಿಗೆ ಅಚ್ಚುಕಟ್ಟಿಲ್ಲದ ಹೊಲದಂತೆ ಕಾಣುತ್ತದೆ. ಆದರೆ ಅದರಲ್ಲೊಂದು ಲೆಕ್ಕಾಚಾರವಿದೆ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದು, ನಾಲ್ಕು ತಿಂಗಳಿಗೆ ಅದರ ಆಟ ಮುಗಿಯುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ, ಮೊದಲ ಎರಡು ತಿಂಗಳು ಅದು ಮೆಲ್ಲಗೆ ಬೆಳೆಯುತ್ತ ರಾಗಿಗೆ ಜಾಗ ಬಿಟ್ಟುಕೊಡುತ್ತದೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅದರದೇ. ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟು ರಾಗಿ ಬಾಡಿದರೂ ಅಕ್ಟೋಬರಿನ ಒಂದು ಮಳೆ ಅಕ್ಕಡಿಯನ್ನು ಉಳಿಸಬಲ್ಲದು. ದ್ವಿದಳ ಬೆಳೆಗಳ ಬೇರುಗಂಟುಗಳು ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ ಎಂಬುದನ್ನು ವಿಜ್ಞಾನ ವಿವರಿಸುವುದಕ್ಕೆ ಬಹು ಹಿಂದೆಯೇ ಈ ಪದ್ಧತಿ ಬಂದಿತ್ತು. 1800-1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿತ್ರದುರ್ಗ, ಹಿರಿಯೂರುಗಳ ಮೇಲೆಯೂ ಹಾದುಹೋಗಿದ್ದ. ರಾಗಿಯ ನಡುವೆ ಅವರೆ, ತೊಗರಿಗಳ ಸಾಲು ಹಾಕುವ ಕ್ರಮ ಮೈಸೂರು ಸೀಮೆಯ ಆತನ ಬರಹದಲ್ಲಿ ದಾಖಲಾಗಿದೆ.

ಅಕ್ಕಡಿಗೆ ಇನ್ನೊಂದು ಮುಖವಿತ್ತು. ರಾಗಿ, ಜೋಳದ ಲೆಕ್ಕ ಯಜಮಾನನದು. ಅಕ್ಕಡಿಯ ಕಾಳು ಬಹಳ ಮನೆಗಳಲ್ಲಿ ಹೆಂಗಸರ ಕೈಸೇರುತ್ತಿತ್ತು. ಬೇಳೆ, ಸಾರು, ಹುಚ್ಚೆಳ್ಳಿನ ಚಟ್ನಿಪುಡಿ, ದೀಪಕ್ಕೆ ಹರಳೆಣ್ಣೆ, ಮಿಕ್ಕದ್ದನ್ನು ಸಂತೆಗೆ ಒಯ್ದರೆ ಬಳೆಗೋ ಮಗಳ ರವಿಕೆಗೋ ನಾಲ್ಕು ಕಾಸು. ಯಜಮಾನನನ್ನು ಕೇಳದೆ ಖರ್ಚು ಮಾಡಬಹುದಾದ ಹಣ ಮನೆಯೊಳಗಿನವರಿಗೆ ಅದೊಂದೇ ಆಗಿತ್ತು.

ಕೊಯ್ಲಾದ ಮೇಲೆ ಕಣ. ರೋಣಗಲ್ಲು ಉರುಳಿಸಿ, ತೂರಿ, ರಾಶಿ ಮಾಡಿ ಪೂಜೆಯಾದ ಬಳಿಕ ಮೊದಲು ಅಳೆಯುತ್ತಿದ್ದುದು ಮನೆಗಲ್ಲ. ನೇಗಿಲು ಕೂರಿಗೆ ಮಾಡಿದ ಬಡಗಿ, ಕುಳ ತಟ್ಟಿದ ಕಮ್ಮಾರ, ಮಿಣಿ ಕೊಟ್ಟ ಚಮ್ಮಾರ, ಮಡಿವಾಳ ಮುಂತಾದ ಆಯಗಾರರಿಗೆ. ಉಳಿದ ಕಾಳು ಹಗೇವಿಗೆ. ಗಟ್ಟಿ ನೆಲದಲ್ಲಿ ತೋಡಿದ ಈ ನೆಲಗುಂಡಿಯ ಒಳಮೈಗೆ ಹುಲ್ಲು ಹೊದಿಸಿ, ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಒಳಗೆ ಗಾಳಿ ಇಲ್ಲದ್ದರಿಂದ ಹುಳ ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆಗೆಯುವಾಗ ಬಾಯಿ ತೆರೆದಿಟ್ಟು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. 1876-78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಮಂದಿ ಸತ್ತರೆಂಬ ಲೆಕ್ಕವಿದೆ. ಆ ನೆನಪು ಇದ್ದ ತಲೆಮಾರುಗಳಿಗೆ ಹಗೇವಿನಲ್ಲಿ ಎರಡು ವರ್ಷದ ರಾಗಿ ಇರುವುದು ಐಶ್ವರ್ಯದ ಮಾತಾಗಿರಲಿಲ್ಲ, ಜೀವದ ಮಾತಾಗಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಕೂಡು ಕುಟುಂಬ ಸ್ವರ್ಗವೆಂದು ತಿಳಿಯಬೇಕಾಗಿಲ್ಲ. ಹದಕ್ಕೆ ಬೇಕಾದ ಕೈಗಳಲ್ಲಿ ಅನೇಕವು ಸ್ವಂತ ಇಚ್ಛೆಯಿಂದ ಬಂದವಲ್ಲ. ಸಾಲಕ್ಕೆ ಸಿಕ್ಕಿ ವರ್ಷಾನುಗಟ್ಟಲೆ ದುಡಿದ ಜೀತದಾಳುಗಳಿದ್ದರು. ಜೀತವನ್ನು ರದ್ದುಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಕಿರಿಯ ಸೊಸೆ ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸಿ, ಹೊಲಕ್ಕೆ ಬುತ್ತಿ ಹೊತ್ತು, ಸಂಜೆ ಬಂದು ಒಲೆ ಹಚ್ಚುತ್ತಿದ್ದಳು. ಮೂವತ್ತು ದಾಟಿದ ತಮ್ಮ ಸಂತೆಯ ಖರ್ಚಿಗೆ ಅಣ್ಣನ ಮುಖ ನೋಡಬೇಕಿತ್ತು. ಪಾಲು ಕೇಳುವ ಮಾತು ಹುಟ್ಟುತ್ತಿದ್ದುದು ಅಡುಗೆಮನೆಯ ಜಗಳದಿಂದ ಎಂದು ಗಂಡಸರು ಹೇಳುವುದುಂಟು. ಜಗಳದ ಬೇರು ಬಹುಮಟ್ಟಿಗೆ ಯಜಮಾನನ ಕೈಯ ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು ಎಂದು ನನಗನ್ನಿಸುತ್ತದೆ.

ಲೆಕ್ಕಕ್ಕೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಒಟ್ಟು 24 ಎಕರೆ, ನಾಲ್ಕು ಹೊಲ. ಊರ ಬದಿಯ ಗೊಬ್ಬರದ ಹೊಲವೊಂದು, ಕೆಂಪು ಹೊಲವೊಂದು, ಎರೆ ಹೊಲವೊಂದು, ಗುಡ್ಡದ ಬುಡದ ಕಲ್ಲು ಹೊಲವೊಂದು. ನಾಲ್ವರು ಗಂಡುಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಹೊಲ ಕೊಟ್ಟರೆ ಸರಳ. ಆದರೆ ಯಾರೂ ಒಪ್ಪುವುದಿಲ್ಲ, ಒಪ್ಪದಿರುವುದರಲ್ಲಿ ನ್ಯಾಯವೂ ಇದೆ. ಮಳೆ ಹೆಚ್ಚಾದ ವರ್ಷ ಕೆಂಪು ಹೊಲ ಗೆಲ್ಲುತ್ತದೆ, ಹಿಂಗಾರು ಚೆನ್ನಾದ ವರ್ಷ ಎರೆ ಹೊಲ. ಎಲ್ಲರಿಗೂ ಎಲ್ಲದರಲ್ಲೂ ಪಾಲು ಬೇಕು. ಹೀಗೆ ನಾಲ್ಕು ಹೊಲ ಹದಿನಾರು ಪಟ್ಟಿಗಳಾಗುತ್ತವೆ, ಪಟ್ಟಿಗೊಂದು ಬದು, ಒಳಗಿನ ಪಟ್ಟಿಗೆ ಹೋಗಲು ದಾರಿಯ ತಕರಾರು. ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ 1970-71ರಲ್ಲಿ 3.20 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.36 ಹೆಕ್ಟೇರಿಗೆ ಇಳಿಯಿತು. ಈ ಅಂಕಿಯ ಹಿಂದೆ ಇಂಥ ಎಷ್ಟೋ ಚೀಟಿ ಎತ್ತುಗಳಿವೆ. ಪಾಲಿನ ವ್ಯಾಜ್ಯ ಹಿಡಿದು ನ್ಯಾಯಾಲಯಕ್ಕೆ ಅಲೆಯಲಾರದವರು ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರಗಳಂದು ಹೋಗುವುದು ಈ ಭಾಗದಲ್ಲಿ ದಶಕಗಳಿಂದ ನಡೆದುಬಂದ ಪದ್ಧತಿ.

ಆ ಜಗುಲಿಯಲ್ಲಿ ಬಹುಕಾಲ ಹೆಣ್ಣುಮಕ್ಕಳ ಹೆಸರಿನ ಚೀಟಿ ಇರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಕಾಯಿದೆ ತಂದು ಪಾಲಿನ ವೇಳೆ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗವಿದೆ ಎಂದಿತ್ತು. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹಕ್ಕು ಕಾಗದದಲ್ಲಿ ಸ್ಪಷ್ಟ. ಹಳ್ಳಿಯಲ್ಲಿ ಅಕ್ಕತಂಗಿಯರು ಇಂದಿಗೂ ಬಹುಮಟ್ಟಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಎರಡು ಎಕರೆ ಪಡೆದು ತವರಿನ ಬಾಗಿಲು ಕಳೆದುಕೊಳ್ಳುವುದೋ, ಸಹಿ ಹಾಕಿ ಹಬ್ಬಕ್ಕೆ ಸೀರೆ ಉಳಿಸಿಕೊಳ್ಳುವುದೋ ಎಂಬ ತೂಗಾಟವನ್ನು ಕಾಯಿದೆ ಬಗೆಹರಿಸಲಾರದು. ಗಂಡನ ಮನೆಯಲ್ಲಿ ಕಷ್ಟ ಬಂದಾಗ ಆಕೆಗೆ ಬೇಕಾಗುವುದು ಆ ಬಾಗಿಲೇ.

ಆರು ಎಕರೆಯವನಾದ ಅಣ್ಣನಿಗೆ ಜೋಡಿ ಎತ್ತು ಸಾಕುವುದು ಭಾರ. ಮೇವು ವರ್ಷವಿಡೀ ಬೇಕು, ಕೆಲಸ ತೊಂಬತ್ತು ದಿನವೂ ಇಲ್ಲ. ಮೊದಮೊದಲು ಇಬ್ಬರು ತಮ್ಮ ತಮ್ಮ ಒಂಟಿ ಎತ್ತನ್ನು ಕೂಡಿಸಿ ಸರದಿಯಲ್ಲಿ ಉಳುತ್ತಿದ್ದರು. ಇಲ್ಲೇ ಹದದ ತೊಡಕು ಬರುವುದು: ಹದ ಇಬ್ಬರ ಹೊಲಕ್ಕೂ ಒಂದೇ ಬೆಳಿಗ್ಗೆ ಬರುತ್ತದೆ. ಎರಡನೆಯ ಸರದಿಯವನ ಬಿತ್ತನೆ ಪ್ರತಿ ಸಲವೂ ಎರಡು ದಿನ ತಡ. ಟ್ರ್ಯಾಕ್ಟರ್ ಈ ತೊಡಕನ್ನು ಬಿಡಿಸಿತು ಎಂಬುದು ನಿಜ. ಗಂಟೆ ಲೆಕ್ಕದ ಬಾಡಿಗೆಗೆ ಬರುವ ಯಂತ್ರ ಒಂದೇ ದಿನದಲ್ಲಿ ಇಡೀ ಆರು ಎಕರೆ ಹಸನು ಮಾಡಿಕೊಡುತ್ತದೆ. ಆದರೆ ಹದವನ್ನು ಹಣ ಕೊಟ್ಟು ಹಿಡಿಯಬೇಕಾದ್ದರಿಂದ ಹಣ ತರುವ ಬೆಳೆಯನ್ನೇ ಬಿತ್ತಬೇಕಾಯಿತು.

ಹಣದ ಬೆಳೆ ಹೊಸದೇನಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಗಳು, ದಾವಣಗೆರೆಯ ಹತ್ತಿ ಗಿರಣಿಗಳು ಈ ಸೀಮೆಯ ಶೇಂಗಾ, ಹತ್ತಿಗಳನ್ನು ಬಹುಕಾಲ ಎಳೆದುಕೊಂಡವು. ಹಿರಿಯೂರಿನ ಬಬ್ಬೂರು ಫಾರಂ ಮಳೆಯಾಶ್ರಿತ ಬೆಳೆಗಳ ಸಂಶೋಧನೆಗೆ ಹೆಸರಾಯಿತು. ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಲಕ್ಷ್ಮಣಯ್ಯನವರು ರೂಪಿಸಿದ 'ಇಂಡಾಫ್' ತಳಿಗಳು ರಾಗಿಯ ಇಳುವರಿಯನ್ನೇ ಎತ್ತಿದವು. ಇವೆಲ್ಲ ಅಕ್ಕಡಿಯ ಪಕ್ಕದಲ್ಲೇ ಬದುಕಿದ ಬದಲಾವಣೆಗಳು. 1990ರ ದಶಕದಿಂದ ಹರಡಿದ ಮೆಕ್ಕೆಜೋಳದ ಕಥೆ ಬೇರೆ. ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆ, ಬಿತ್ತಲು ಕೀಳಲು ಕಡಿಮೆ ಆಳು, ಕೊಯ್ಲಾದ ವಾರದಲ್ಲೇ ಹಣ. ಕಳೆ ಕೀಳುವ ಕೂಲಿ ದುಬಾರಿಯಾದಾಗ ಅಟ್ರಜಿನ್‌ನಂಥ ಕಳೆನಾಶಕ ಬಂತು. ಅದು ಮೆಕ್ಕೆಜೋಳವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಸುಡುತ್ತದೆ. ತೊಗರಿ, ಅವರೆ, ಅಲಸಂದೆಗಳೂ ಅಗಲ ಎಲೆಯವೇ. ಹೀಗೆ ಅಕ್ಕಡಿ ಯಾರೂ ಬೇಡವೆನ್ನದೆಯೇ ಹೊಲದಿಂದ ಹೋಯಿತು, ಅದರ ಜೊತೆಗೆ ಹೆಂಗಸರ ಆ ನಾಲ್ಕು ಕಾಸೂ. ಒಂದೇ ಬೆಳೆಯ ಹೊಲಕ್ಕೆ ಒಂದೇ ಹುಳ ಸಾಕು ಎಂಬುದು 2018ರಲ್ಲಿ ಗೊತ್ತಾಯಿತು. ಅಮೆರಿಕ ಖಂಡದ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನೆರೆಯ ಶಿವಮೊಗ್ಗದ ಮೆಕ್ಕೆಜೋಳದಲ್ಲಿ.

ಇನ್ನು ಬಾವಿ. ಹಳೆಯ ಪಾಲುಪಟ್ಟಿಗಳಲ್ಲಿ 'ಬಾವಿಯ ನೀರಿನಲ್ಲಿ ನಾಲ್ಕನೇ ಒಂದು ಭಾಗ' ಎಂಬ ಒಕ್ಕಣೆ ಇರುತ್ತದೆ. ಕಪಿಲೆ ಹೊಡೆಯುವ ಕಾಲದಲ್ಲಿ ಅದು ದಿನದ ಸರದಿ, ಪಂಪು ಬಂದ ಮೇಲೆ ವಿದ್ಯುತ್ ಇರುವ ಗಂಟೆಗಳ ಸರದಿ. ತೆರೆದ ಬಾವಿ ಬತ್ತಿದಾಗ ಈ ಸರದಿಯೂ ಬತ್ತಿತು. ಕೊಳವೆಬಾವಿ ಪ್ರತಿಯೊಬ್ಬರಿಗೂ ಸ್ವಂತದ್ದು ಬೇಕು. ಇಲ್ಲಿನ ನೆಲ ಗಟ್ಟಿಬಂಡೆ. ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಅಣ್ಣತಮ್ಮಂದಿರ ನಾಲ್ಕು ಕೊಳವೆಗಳು ಒಂದೇ ಬಿರುಕಿಗೆ ಬಾಯಿ ಹಚ್ಚಿದರೆ ಆಳಕ್ಕೆ ಹೋದವನದು ಗೆಲುವು, ಮುಂದಿನ ವರ್ಷ ಅವನಿಗಿಂತ ಆಳಕ್ಕೆ ಹೋದವನದು. 10 ಅಶ್ವಶಕ್ತಿವರೆಗಿನ ಪಂಪಿಗೆ ವಿದ್ಯುತ್ ಪುಕ್ಕಟೆಯಾದ್ದರಿಂದ ಎತ್ತಿದ ನೀರಿಗೆ ಲೆಕ್ಕವೂ ಇಲ್ಲ.

ಆ ನೀರು ಹೋಗುತ್ತಿರುವುದು ಅಡಿಕೆಗೆ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ರಾಗಿ ಹೊಲಗಳು ಅಡಿಕೆ ತೋಟಗಳಾಗುತ್ತಿರುವುದಕ್ಕೆ ಬೆಲೆ ಒಂದೇ ಕಾರಣವಲ್ಲ. ಅಡಿಕೆಗೆ ಹದ ಹಿಡಿಯುವ ಕಷ್ಟವಿಲ್ಲ, ಮನೆಯ ಕೈಗಳೂ ಬೇಡ. ಕೊಯ್ಲನ್ನು ಚೇಣಿಗೆ ಕೊಟ್ಟರಾಯಿತು. ಮಕ್ಕಳೆಲ್ಲ ಪಟ್ಟಣ ಸೇರಿದ ಮನೆಗೆ ಹೇಳಿಮಾಡಿಸಿದ ಬೆಳೆ. ಆದರೆ ರಾಗಿ ಒಣಗಿದರೆ ಹೋಗುವುದು ಒಂದು ವರ್ಷ. ಫಸಲಿಗೆ ಐದಾರು ವರ್ಷ ಕಾಯಬೇಕಾದ ಅಡಿಕೆ ಒಣಗಿದರೆ ಹೋಗುವುದು ಹತ್ತು ವರ್ಷದ ಬದುಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. ಮರು ಬೇಸಿಗೆಯಲ್ಲಿ ಈ ಭಾಗದ ರಸ್ತೆಗಳಲ್ಲಿ ತೋಟಗಳಿಗೆ ಟ್ಯಾಂಕರ್ ನೀರು ಹೊಡೆಯುತ್ತಿದ್ದುದು ಸಾಮಾನ್ಯ ನೋಟವಾಗಿತ್ತು. ಮಳೆಯನ್ನು ನಂಬಲಾಗದೆ ಹಿರಿಯರು ಹತ್ತು ಬೀಜ ಬಿತ್ತಿದ ನೆಲದಲ್ಲಿ ಮೊಮ್ಮಕ್ಕಳು ಒಂದೇ ಗಿಡ ನೆಟ್ಟು ಲಾರಿ ನೀರು ಕೊಂಡರು. ಇದನ್ನು ದುರಾಸೆ ಎಂದು ಬೈಯುವವರು ಆರು ಎಕರೆ ರಾಗಿಯಿಂದ ಮಗಳ ಕಾಲೇಜಿನ ಶುಲ್ಕ ಕಟ್ಟಿ ತೋರಿಸಲಿ.

ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ತುಂಬಿ ಕೋಡಿ ಹರಿದದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗವೂ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವುದಾಗಿ ಹೇಳಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಪ್ರಕಟವಾಯಿತು. ಹನಿ ನೀರಾವರಿಯ ಆ ನೀರು ಬರುವ ನಂಬಿಕೆಯ ಮೇಲೆ ಈಗಲೇ ಎದ್ದ ತೋಟಗಳೂ ಇವೆ.

ಇಷ್ಟರಲ್ಲಿ ಪಾಲಾದ ಮನೆಯಲ್ಲೇ ಸದ್ದಿಲ್ಲದೆ ಇನ್ನೊಂದು ಬದಲಾವಣೆ ನಡೆಯುತ್ತಿದೆ. ನಮ್ಮ ಲೆಕ್ಕದ ನಾಲ್ವರಲ್ಲಿ ಒಬ್ಬ ಬೆಂಗಳೂರಿನಲ್ಲಿ, ಒಬ್ಬ ದಾವಣಗೆರೆಯಲ್ಲಿ ಅಂಗಡಿ, ಒಬ್ಬ ಮಾಸ್ತರು ಎಂದುಕೊಳ್ಳಿ. ಊರಲ್ಲಿ ಉಳಿದವನೇ ಮೂವರ ಪಟ್ಟಿಗಳನ್ನೂ ಕೋರಿಗೆ ಮಾಡುತ್ತಾನೆ. ಹದಿನಾರು ಪಟ್ಟಿ ಮತ್ತೆ ನಾಲ್ಕು ಹೊಲದಂತೆಯೇ ಉಳಲ್ಪಡುತ್ತವೆ. ಆದರೆ ಎಲ್ಲ ಬಾಯಿಮಾತು. 1974ರ ಭೂಸುಧಾರಣೆ ಉಳುವವನಿಗೇ ಭೂಮಿ ಕೊಟ್ಟು ಗೇಣಿಯನ್ನು ನಿಲ್ಲಿಸಿದ ಮೇಲೆ ಅಣ್ಣತಮ್ಮಂದಿರ ನಡುವೆ ಕೂಡ ಇದನ್ನು ಕಾಗದದಲ್ಲಿ ಬರೆಯಲು ಹೆದರಿಕೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಬ್ಯಾಂಕಿನ ಸಾಲ, ಅವರಿಗೇ ಬರ ಪರಿಹಾರ. 2019ರಿಂದ ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ಹಣವೂ ಅವರ ಖಾತೆಗೇ. ಬೆಳೆ ಹೋದದ್ದು ಊರಲ್ಲಿ ಉಳಿದವನದು. ಅಜ್ಜ ಸತ್ತು ಎಷ್ಟೋ ವರ್ಷವಾದರೂ ಪೌತಿ ಖಾತೆಯಾಗದೆ ಅವರ ಹೆಸರಿನಲ್ಲೇ ಪಹಣಿ ಇರುವ ಮನೆಗಳಲ್ಲಂತೂ ಯಾರಿಗೂ ಏನೂ ಇಲ್ಲ.

ಎತ್ತುಗಳು ಏನಾದವು ಎಂದು ಕೇಳಬಹುದು. ಊರಿಗೆ ನಾಲ್ಕಾರು ಜೋಡಿ ಉಳಿದಿವೆ, ಹೆಚ್ಚಾಗಿ ಹೊಲವಿಲ್ಲದವರ ಅಥವಾ ಒಂದೆರಡು ಎಕರೆಯವರ ಮನೆಗಳಲ್ಲಿ. ಟ್ರ್ಯಾಕ್ಟರ್ ಉಳುತ್ತದೆ, ಬಿತ್ತುತ್ತದೆ. ಪೈರು ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹೊಡೆಯಲು ಎತ್ತೇ ಆಗಬೇಕು. ಮಳೆ ಬಿಟ್ಟ ಸಂಜೆ ಆ ಮನೆಗಳ ಮುಂದೆ ಹಿಂದಿನ ನಾಲ್ಕು ಆರಿನ ಮನೆಯವರೂ ಬಂದು ನಿಲ್ಲುತ್ತಾರೆ. ಅವತ್ತೇ ಹೇಳಿಹೋಗಬೇಕು. ಮರುದಿನ ಹೋದರೆ ಸರದಿ ಸಿಗುವುದು ಹದ ಹೋದ ಮೇಲೆ.